ಕ್ಯಾಮ್ ಬದಲಾಯಿತು, ಕಂಪ್ಯೂಟರಿಗೆ ಗೊತ್ತಾಗಲಿಲ್ಲ: ಒಂದು ಹಳೆಯ ಎಸ್ಟೀಮ್‌ನ ಪ್ರಕರಣ

ಬೆಂಗಳೂರಿನ ಒಂದು ಮಾರುತಿ ಎಸ್ಟೀಮ್‌ಗೆ ದೊಡ್ಡ ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆದು ಮುಚ್ಚುವ ದಂಡ, ಚಿಕ್ಕದಾಗಿ ಕ್ಯಾಮ್) ಹಾಕಿದ ಮೇಲೆ ಏನೇನಾಯಿತು ಅನ್ನೋದರ ಪೂರ್ತಿ ವಿವರ ಇಲ್ಲಿದೆ. ಕಾರು ನನ್ನದಲ್ಲ, ಸ್ಪ್ಯಾನರ್ ಹಿಡಿದವನೂ ನಾನಲ್ಲ. ಎಂಜಿನ್ ಲಾಗ್ (ಓಡುವಾಗ ದಾಖಲಾಗುವ ಸೆನ್ಸರ್ ಅಂಕಿಗಳು) ಓದಿ ಹೇಳೋಕೆ ನನ್ನನ್ನು ಕರೆದಿದ್ದರು. ಮಾಲೀಕರು, ಮೆಕ್ಯಾನಿಕ್, ಎಂಜಿನ್ ಕಂಪ್ಯೂಟರಿನ ಲೆಕ್ಕ ಹೊಂದಿಸುವ ಟ್ಯೂನರ್ ಮೂವರೂ ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಹೆಸರು, ಗ್ಯಾರೇಜು, ಸ್ಪರ್ಧೆ ಯಾವುದು ಅನ್ನೋದನ್ನು ಹೇಳುವುದಿಲ್ಲ. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಕನ್ನಡದಲ್ಲಿ ಓದೋಕೆ ಸಿಗೋದು ತೀರಾ ಕಡಿಮೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಹಿನ್ನೆಲೆ

ಕಾರು 2000ದ ಆಚೆಯ ಎಂಪಿಎಫ್‌ಐ ಮಾಡೆಲ್, ಅಂದರೆ ಕಾರ್ಬುರೇಟರ್ ಬದಲು ಕಂಪ್ಯೂಟರ್ ಹೇಳಿದಂತೆ ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವಂಥದ್ದು. 1,298 ಸಿಸಿ ಎಂಜಿನ್, ತಲೆಯ ಮೇಲೆ ಒಂದೇ ಕ್ಯಾಮ್, 16 ವಾಲ್ವ್. ಕಂಪನಿ ಲೆಕ್ಕದಲ್ಲಿ 85 ಬಿಎಚ್‌ಪಿ. ತೂಕ ಕಡಿಮೆ, ಬಿಡಿಭಾಗ ಸುಲಭವಾಗಿ ಸಿಗುತ್ತವೆ. ನಮ್ಮ ಕಡೆ ರ‍್ಯಾಲಿ, ಆಟೊಕ್ರಾಸ್ (ಮಣ್ಣಿನ ಟ್ರ್ಯಾಕಿನ ಓಟ) ಹುಚ್ಚು ಹತ್ತಿಸಿಕೊಂಡವರಲ್ಲಿ ಎಸ್ಟೀಮ್ ಅಥವಾ ಜಿಪ್ಸಿಯಲ್ಲೇ ಕೈ ಪಳಗಿಸಿದವರು ತುಂಬಾ ಜನ.

ಮಾಲೀಕರು ನಲವತ್ತು ದಾಟಿದವರು, ಸಾಫ್ಟ್‌ವೇರ್ ಕೆಲಸ. ಮನೆಯಲ್ಲಿ ಹೊಸ ಕಾರು ಬಂದ ಮೇಲೆ ಎಸ್ಟೀಮನ್ನು ಪೂರ್ತಿ ಸ್ಪರ್ಧೆಗೇ ಎತ್ತಿಟ್ಟರು. ರೋಲ್ ಕೇಜ್ ಹಾಕಿಸಿದರು. ಸ್ಪರ್ಧೆಗೆ ಹೋಗುವಾಗ ಕಾರನ್ನು ಟ್ರಕ್ಕಿನ ಮೇಲೆ ಹೊತ್ತುಕೊಂಡು ಹೋಗುತ್ತಾರೆ. ಇದನ್ನು ಮೊದಲೇ ಹೇಳೋದಕ್ಕೆ ಕಾರಣ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ರಸ್ತೆಯ ವಾಹನವನ್ನು ಬದಲಿಸುವ ಹಾಗಿಲ್ಲ. ಕೆಳಗೆ ಬರೋದೆಲ್ಲ ಸ್ಪರ್ಧೆಗೆ ಮಾತ್ರ ಬಳಸುವ ಕಾರಿನ ಮಾತು.

ಹಳೆಯ ಎಂಜಿನ್ ಬಿಚ್ಚಿದಾಗ ಹೆಡ್ (ವಾಲ್ವುಗಳಿರುವ ಮೇಲಿನ ಭಾಗ) ಸ್ವಲ್ಪ ಸೊಟ್ಟಗಾಗಿತ್ತು. ಅದನ್ನು ಮಟ್ಟ ಮಾಡಿಸಲು ಮೇಲ್ಮೈ ಉಜ್ಜಿಸಿದರು. ಹೇಗೂ ಹೆಡ್ ಬಿಚ್ಚಿದೆ, ಕ್ಯಾಮೂ ಬದಲಿಸಿಬಿಡೋಣ ಅಂತ ಯೋಚನೆ ಬಂದಿದ್ದು ಆಗ. ಈ ಎಂಜಿನ್ನಿಗೆ ರೆಡಿಮೇಡ್ ರೇಸ್ ಕ್ಯಾಮ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಹಳೆಯ ಕ್ಯಾಮನ್ನೇ ಬೇರೆ ಆಕಾರಕ್ಕೆ ಗ್ರೈಂಡ್ ಮಾಡಿಸಿದರು. ಕ್ಯಾಮ್ ಬಂತು, ಜೊತೆಗೆ ಗಟ್ಟಿ ವಾಲ್ವ್ ಸ್ಪ್ರಿಂಗ್ ಬಂದವು. ಕ್ಯಾಮಿನ ವಿವರ ಬರೆದ ಕಾಗದ ಮಾತ್ರ ಬರಲಿಲ್ಲ. ವಾಲ್ವ್ ಎಷ್ಟು ಡಿಗ್ರಿಗೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ, ಎಷ್ಟು ಮಿಲಿಮೀಟರ್ ಏಳುತ್ತದೆ, ಒಂದೂ ಗೊತ್ತಿಲ್ಲ. “ಸ್ಟೇಜ್ ಟೂ ಸಾರ್” ಅಂದರಂತೆ ಗ್ರೈಂಡ್ ಮಾಡಿದವರು, ಅಷ್ಟೇ.

ಮೆಕ್ಯಾನಿಕ್ ಅನುಭವಸ್ಥರು. ಕಾರ್ಬುರೇಟರ್ ಕಾಲದಿಂದ ಕೆಲಸ ಮಾಡಿದವರು. ಪಿಸ್ಟನ್ ಮೇಲೆ ಮಕ್ಕಳ ಆಟದ ಜೇಡಿ ಅಂಟಿಸಿ, ಎಂಜಿನ್ ಕೈಯಲ್ಲಿ ತಿರುಗಿಸಿ, ವಾಲ್ವು ಪಿಸ್ಟನ್ನಿಗೆ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಟಪ್ಪೆಟ್ ಗ್ಯಾಪ್ ನೀಟಾಗಿ ಇಟ್ಟರು. ಟೈಮಿಂಗ್ ಬೆಲ್ಟನ್ನು ಕಂಪನಿ ಗುರುತಿಗೆ ಕೂರಿಸಿದರು. ಎಂಜಿನ್ ಸ್ಟಾರ್ಟ್ ಆಯಿತು.

ಸಮಸ್ಯೆ

ಸ್ಟಾರ್ಟ್ ಆಯಿತು ನಿಜ, ನಿಲ್ಲಲಿಲ್ಲ. ಐಡ್ಲಿಂಗ್ (ಆಕ್ಸಲರೇಟರ್ ಒತ್ತದೆ ಎಂಜಿನ್ ತಿರುಗುವ ವೇಗ) 600 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ 600 ಸುತ್ತಿಗೆ ಇಳಿಯುತ್ತೆ, 1,400ಕ್ಕೆ ಹಾರುತ್ತೆ, ಮತ್ತೆ ಇಳಿಯುತ್ತೆ, ಆಫ್ ಆಗುತ್ತೆ. ಸೈಲೆನ್ಸರ್ ಹತ್ತಿರ ನಿಂತರೆ ಕಣ್ಣು ಉರಿಯುವಷ್ಟು ಪೆಟ್ರೋಲ್ ವಾಸನೆ. ಪ್ಲಗ್ ತೆಗೆದರೆ ಮಸಿ. ಇಷ್ಟಾದರೂ 4,500 ದಾಟಿದ ಮೇಲೆ ಎಂಜಿನ್ ಎಳೆಯುವ ರೀತಿಯೇ ಬೇರೆ ಇತ್ತು. ಅದೊಂದನ್ನು ನೋಡಿ ಮಾಲೀಕರಿಗೆ ಖುಷಿ. “ಮೇಲೆ ಸೂಪರಾಗಿದೆ, ಕೆಳಗೆ ಸ್ವಲ್ಪ ಸರಿ ಮಾಡಿದ್ರೆ ಆಯ್ತು ಅಲ್ವಾ ಅಣ್ಣಾ?” ಅಂತ ಮೆಕ್ಯಾನಿಕ್‌ಗೆ ಕೇಳಿದರು.

ಆಮೇಲೆ ಲಾಗ್ ನೋಡಿದಾಗ ಗೊತ್ತಾಗಿದ್ದು, ಮೇಲೂ ಸೂಪರಾಗಿರಲಿಲ್ಲ. ಕೆಳಗೆ ಪೆಟ್ರೋಲ್ ವಿಪರೀತ ಜಾಸ್ತಿ, ಮೇಲೆ ಬೇಕಾದ್ದಕ್ಕಿಂತ ಕಡಿಮೆ. ಒಂದೇ ಕಾರಿನಲ್ಲಿ ಎರಡೂ ತೊಂದರೆ. ಯಾಕೆ ಹೀಗಾಯಿತು ಅಂತ ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭವಾಗುತ್ತೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಈ ಎಂಜಿನ್ನಿನಲ್ಲಿ ಒಳಗೆ ಹೋಗುವ ಗಾಳಿಯನ್ನು ನೇರವಾಗಿ ಅಳೆಯುವ ಸಾಧನ ಇಲ್ಲ. ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡ್ ಒಳಗಿನ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರ್ ಇದೆ. ಕಂಪ್ಯೂಟರ್ ಆ ಒತ್ತಡ, ಎಂಜಿನ್ ವೇಗ, ಗಾಳಿಯ ಉಷ್ಣತೆ ಮೂರನ್ನೂ ನೋಡಿ “ಈಗ ಸಿಲಿಂಡರಿಗೆ ಇಷ್ಟು ಗಾಳಿ ಹೋಗಿರಬೇಕು” ಅಂತ ಲೆಕ್ಕ ಹಾಕುತ್ತೆ. ಅದಕ್ಕೆ ತಕ್ಕಷ್ಟು ಹೊತ್ತು ಇಂಜೆಕ್ಟರ್ ತೆರೆಯುತ್ತೆ. ಸ್ಪಾರ್ಕ್ ಯಾವಾಗ ಕೊಡಬೇಕು ಅನ್ನೋದನ್ನೂ ಅದೇ ಒತ್ತಡ ನೋಡಿ ತೀರ್ಮಾನ ಮಾಡುತ್ತೆ. ಈ ಲೆಕ್ಕ ಕೂತಿರುವುದು ಹಳೆಯ ಕ್ಯಾಮಿನ ಮೇಲೆ. ಹಳೆಯ ಕ್ಯಾಮ್ ಜೊತೆ ಇಂಥ ಒತ್ತಡಕ್ಕೆ ಇಷ್ಟು ಗಾಳಿ ಅಂತ ಕಂಪನಿಯವರು ಅಳೆದು ಬರೆದಿಟ್ಟಿದ್ದಾರೆ.

ದೊಡ್ಡ ಕ್ಯಾಮಿನಲ್ಲಿ ವಾಲ್ವುಗಳು ಜಾಸ್ತಿ ಹೊತ್ತು ತೆರೆದಿರುತ್ತವೆ. ಎಕ್ಸಾಸ್ಟ್ ಪೂರ್ತಿ ಮುಚ್ಚುವ ಮೊದಲೇ ಇಂಟೇಕ್ ತೆರೆದಿರುತ್ತೆ. ಇದಕ್ಕೆ ಓವರ್‌ಲ್ಯಾಪ್ ಅಂತಾರೆ. ಎಂಜಿನ್ ಜೋರಾಗಿ ತಿರುಗುವಾಗ ಇದರಿಂದ ಲಾಭ: ಹೊರಗೆ ಹೋಗುವ ಹೊಗೆ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತೆ. ನಿಧಾನವಾಗಿ ತಿರುಗುವಾಗ ಉಲ್ಟಾ. ಸುಟ್ಟ ಹೊಗೆಯೇ ಇಂಟೇಕ್ ಕಡೆಗೆ ವಾಪಸ್ ನುಗ್ಗುತ್ತೆ. ಇಂಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಒಳಗೆ ಬಂದ ಗಾಳಿಯಲ್ಲಿ ಸ್ವಲ್ಪ ಭಾಗ ಹಿಂದಕ್ಕೆ ತಳ್ಳಿಸಿಕೊಳ್ಳುತ್ತೆ. ಮ್ಯಾನಿಫೋಲ್ಡ್ ಒತ್ತಡ ಏರುತ್ತೆ, ಒಂದೇ ಸಮನೆ ಕುಣಿಯುತ್ತೆ. ಈ ಕಾರಿನಲ್ಲಿ ಮೊದಲು ಐಡ್ಲಿಂಗ್‌ನಲ್ಲಿ 35 ಕಿಲೋಪಾಸ್ಕಲ್ ಆಸುಪಾಸು ಇದ್ದದ್ದು ಈಗ 55ರ ಹತ್ತಿರ ಅಲುಗಾಡುತ್ತಿತ್ತು.

ಕಂಪ್ಯೂಟರಿಗೆ ಕಾಣೋದು 55 ಅನ್ನುವ ಅಂಕಿ ಮಾತ್ರ. ಡ್ರೈವರ್ ಆಕ್ಸಲರೇಟರ್ ಒತ್ತಿದ್ದಾನೆ, ಎಂಜಿನ್ ಮೇಲೆ ಭಾರ ಬಿದ್ದಿದೆ ಅಂದುಕೊಳ್ಳುತ್ತೆ. ಪೆಟ್ರೋಲ್ ಜಾಸ್ತಿ ಸುರಿಯುತ್ತೆ, ಸ್ಪಾರ್ಕ್ ಅಡ್ವಾನ್ಸ್ (ಪಿಸ್ಟನ್ ತುದಿ ಮುಟ್ಟುವ ಎಷ್ಟು ಮೊದಲು ಸ್ಪಾರ್ಕ್ ಅನ್ನೋದು) ಕಡಿಮೆ ಮಾಡುತ್ತೆ. ಹೊಗೆ ಬೆರೆತ ಗಾಳಿ ನಿಧಾನವಾಗಿ ಉರಿಯುವಂಥದ್ದು. ಅದಕ್ಕೆ ಬೇಕಿದ್ದದ್ದು ಮುಂಚಿನ ಸ್ಪಾರ್ಕ್, ಸಿಕ್ಕಿದ್ದು ತಡವಾದ ಸ್ಪಾರ್ಕ್. ಮಿಸ್ಸಿಂಗ್, ಅಂದರೆ ಸಿಲಿಂಡರ್ ನಡುನಡುವೆ ಹೊತ್ತಿಕೊಳ್ಳದೆ ಹೋಗೋದು, ಶುರುವಾಯಿತು.

ಇನ್ನೊಂದು ಕಡೆಯಿಂದಲೂ ಏಟು ಬಿತ್ತು. ಎಕ್ಸಾಸ್ಟ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ಅಳೆಯೋದು ಉಳಿದ ಆಮ್ಲಜನಕವನ್ನು, ಪೆಟ್ರೋಲನ್ನಲ್ಲ. ಮಿಸ್ಸಿಂಗ್ ಆದ ಸಿಲಿಂಡರಿನಿಂದ ಪೆಟ್ರೋಲೂ ಸುಡದೆ ಬರುತ್ತೆ, ಆಮ್ಲಜನಕವೂ ಸುಡದೆ ಬರುತ್ತೆ. ಸೆನ್ಸರ್ “ಲೀನ್ ಇದೆ”, ಅಂದರೆ ಪೆಟ್ರೋಲ್ ಕಡಿಮೆ ಇದೆ, ಅನ್ನುತ್ತೆ. ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಕೊಡುತ್ತೆ. ಇನ್ನಷ್ಟು ಮಿಸ್ಸಿಂಗ್. ಐಡ್ಲಿಂಗ್‌ನ ಮೇಲೆ-ಕೆಳಗಿನ ಹಾರಾಟಕ್ಕೆ ಇದೂ ಒಂದು ಕಾರಣ.

ಮೇಲಿನ ಆರ್‌ಪಿಎಂನಲ್ಲಿ ಕಥೆ ತಿರುಗುಮುರುಗು. ಹೊಸ ಕ್ಯಾಮ್ ಹಳೆಯದಕ್ಕಿಂತ ಚೆನ್ನಾಗಿ ಗಾಳಿ ತುಂಬಿಸುತ್ತೆ, ಕಂಪ್ಯೂಟರ್ ಮಾತ್ರ ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಕೊಡುತ್ತಿರುತ್ತೆ. ಅಲ್ಲಿ ಲೀನ್.

ಮೊದಲ ಪ್ರಯತ್ನಗಳು

“ಸಾರ್, ಸ್ಕ್ರೂ ಸ್ವಲ್ಪ ಏರಿಸ್ತೀನಿ, ನಿಲ್ಲುತ್ತೆ” ಅಂದರು ಮೆಕ್ಯಾನಿಕ್. ಥ್ರಾಟಲ್ (ಆಕ್ಸಲರೇಟರ್ ತೆರೆಯುವ ಗಾಳಿಯ ಬಾಗಿಲು) ಪೂರ್ತಿ ಮುಚ್ಚದಂತೆ ತಡೆಯುವ ಸ್ಟಾಪ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ 1,300ಕ್ಕೆ ತಂದರು. ಕಾರ್ಬುರೇಟರ್ ಇದ್ದಿದ್ದರೆ ಅದು ಸರಿಯಾದ ಮೊದಲ ಹೆಜ್ಜೆಯೇ. ಇಲ್ಲಿ ಥ್ರಾಟಲ್ ಸೆನ್ಸರ್‌ನ “ಮುಚ್ಚಿದೆ” ಅನ್ನುವ ಅಂಕಿಯೂ ಮೇಲೇರಿತು. ಕಾಲು ಆಕ್ಸಲರೇಟರ್ ಮೇಲಿದೆ ಅಂತ ಕಂಪ್ಯೂಟರ್ ತಿಳಿದುಕೊಂಡಿತು, ಐಡ್ಲಿಂಗ್‌ಗೆ ಗಾಳಿ ಬಿಡುವ ಐಡಲ್ ವಾಲ್ವನ್ನು ನಿಯಂತ್ರಿಸೋದನ್ನೇ ಬಿಟ್ಟುಬಿಟ್ಟಿತು. ರೇಡಿಯೇಟರ್ ಫ್ಯಾನ್ ಆನ್ ಆದಾಗೆಲ್ಲ ಎಂಜಿನ್ ಆಫ್.

ಆಮೇಲೆ ಆಕ್ಸಿಜನ್ ಸೆನ್ಸರ್ ಕನೆಕ್ಟರ್ ತೆಗೆದರು. ಹಾರಾಟ ಸ್ವಲ್ಪ ತಗ್ಗಿತು. ಮೇಲಿನ ಲೀನ್ ಸರಿ ಮಾಡಲು ಯಾರೋ ಹೇಳಿದರು ಅಂತ ಫ್ಯುಯೆಲ್ ಪ್ರೆಶರ್ ಹೆಚ್ಚಿಸುವ ರೆಗ್ಯುಲೇಟರ್ ಹಾಕಿದರು. ಮೇಲೆ ಸುಧಾರಿಸಿತು. ಆದರೆ ಪ್ರೆಶರ್ ಏರಿಸಿದರೆ ಎಲ್ಲ ಕಡೆಯೂ ಏರುತ್ತೆ. ಮೊದಲೇ ಪೆಟ್ರೋಲಿನಲ್ಲಿ ಮುಳುಗಿದ್ದ ಐಡ್ಲಿಂಗ್ ಇನ್ನೂ ಕೆಟ್ಟಿತು.

ಮೂರನೆಯದು ಪಿಗ್ಗಿಬ್ಯಾಕ್ ಡಬ್ಬಿ. ಕಂಪನಿ ಇಸಿಯು (ಎಂಜಿನ್ ಕಂಪ್ಯೂಟರ್) ಹಾಗೇ ಇರುತ್ತೆ, ಈ ಡಬ್ಬಿ ಮ್ಯಾಪ್ ಸೆನ್ಸರ್ ಸಿಗ್ನಲನ್ನು ದಾರಿಯಲ್ಲೇ ಬದಲಿಸಿ ಇಸಿಯುಗೆ ಕೊಡುತ್ತೆ. 55 ಇದ್ದರೆ 40 ಅಂತ ತೋರಿಸಿ, ಪೆಟ್ರೋಲ್ ಕಡಿಮೆ ಮಾಡಿಸು ಅನ್ನುವ ಉಪಾಯ. ಕೇಳೋಕೆ ಚೆನ್ನಾಗಿದೆ. ಐಡ್ಲಿಂಗ್ ನಿಜಕ್ಕೂ ಸುಧಾರಿಸಿತು ಕೂಡ. ಅಪಾಯ ಇದ್ದದ್ದು ಮಧ್ಯದಲ್ಲಿ. 2,500–3,500 ಆರ್‌ಪಿಎಂ, ಅರ್ಧ ಥ್ರಾಟಲ್. ಅಲ್ಲೂ ಎಂಜಿನ್ ರಿಚ್ (ಪೆಟ್ರೋಲ್ ಜಾಸ್ತಿ) ಇತ್ತು ಅಂತ ಒತ್ತಡದ ಅಂಕಿಯನ್ನು ಇಳಿಸಿ ತೋರಿಸಿದರು. ಪೆಟ್ರೋಲ್ ಕಡಿಮೆಯಾಯಿತು. ಆದರೆ ಸ್ಪಾರ್ಕ್ ಟೇಬಲ್ (ಯಾವ ವೇಗ, ಯಾವ ಒತ್ತಡಕ್ಕೆ ಎಷ್ಟು ಅಡ್ವಾನ್ಸ್ ಅಂತ ಬರೆದಿಟ್ಟ ಪಟ್ಟಿ) ಓದೋದೂ ಅದೇ ಅಂಕಿಯನ್ನು. ಭಾರ ಕಡಿಮೆ ಇದೆ ಅಂತ ನಂಬಿದ ಇಸಿಯು ಸ್ಪಾರ್ಕನ್ನು ಮುಂದಕ್ಕೆ ತಂದಿತು. ಏರಿನಲ್ಲಿ ಹೋಗುವಾಗ ಎಂಜಿನ್ನಿನಿಂದ ಕಿಣಿಕಿಣಿ ಸದ್ದು, ನಾಕಿಂಗ್, ಅಂದರೆ ಸಿಲಿಂಡರ್ ಒಳಗಿನ ಪೆಟ್ರೋಲ್ ಮೆಲ್ಲಗೆ ಉರಿಯದೆ ಸಿಡಿಯೋದು.

ಒಂದು ಸುಳ್ಳು ಅಂಕಿ ಕೊಟ್ಟರೆ ಅದನ್ನು ನಂಬಿ ನಡೆಯುವ ಲೆಕ್ಕಗಳೆಲ್ಲ ಸುಳ್ಳಾಗುತ್ತವೆ. ಪಿಗ್ಗಿಬ್ಯಾಕ್‌ಗಳಲ್ಲಿ ಸ್ಪಾರ್ಕನ್ನೂ ಬೇರೆಯಾಗಿ ಹಿಡಿತದಲ್ಲಿಡುವ ಒಳ್ಳೆಯವೂ ಇವೆ. ಸಣ್ಣ ಬದಲಾವಣೆಗೆ ಅವು ಸಾಕು. ಓವರ್‌ಲ್ಯಾಪ್ ಇಷ್ಟು ಜಾಸ್ತಿ ಇರುವ ಕ್ಯಾಮಿಗೆ, ಸಿಗ್ನಲ್ ಮಾತ್ರ ತಿರುಚುವ ಡಬ್ಬಿ ತಪ್ಪು ಆಯ್ಕೆ ಅಂತ ನನ್ನ ಖಚಿತ ಅಭಿಪ್ರಾಯ.

ನಿಲ್ಲಿಸಿ, ಅಳೆದದ್ದು

ನನ್ನನ್ನು ಕರೆದದ್ದು ಈ ಹಂತದಲ್ಲಿ. ಟ್ಯೂನರ್ ಒಬ್ಬರೂ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಆದರೆ ತಾಳ್ಮೆ ಜಾಸ್ತಿ. ಲ್ಯಾಪ್‌ಟಾಪ್ ತೆಗೆಯುವ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಣ್ಣಾ, ಕ್ಯಾಮ್ ಡಿಗ್ರಿ ಮಾಡಿದ್ರಾ?”

ಕ್ರ್ಯಾಂಕಿನ ಯಾವ ಡಿಗ್ರಿಗೆ ವಾಲ್ವ್ ತೆರೆದು ಮುಚ್ಚುತ್ತೆ ಅಂತ ಅಳೆಯೋದು ಅದು. ಮಾಡಿರಲಿಲ್ಲ. ಮಾಡೋಕೆ ವಿವರದ ಕಾಗದವೇ ಇರಲಿಲ್ಲವಲ್ಲ. ಟ್ಯೂನರ್ ಎಲ್ಲ ಕೆಲಸ ನಿಲ್ಲಿಸಿದರು. ಈ ಪ್ರಕರಣದಲ್ಲಿ ತೆಗೆದುಕೊಂಡ ಒಳ್ಳೆಯ ತೀರ್ಮಾನಗಳಲ್ಲಿ ಇದೇ ಮೊದಲನೆಯದು. ಹಿಂದೆ ಹಾಕಿದ್ದನ್ನೆಲ್ಲ ತೆಗೆಸಿದರು: ಪಿಗ್ಗಿಬ್ಯಾಕ್ ಹೊರಗೆ, ಪ್ರೆಶರ್ ಹಳೆಯ ಮಟ್ಟಕ್ಕೆ, ಸ್ಟಾಪ್ ಸ್ಕ್ರೂ ಹಳೆಯ ಜಾಗಕ್ಕೆ. ಕಂಪ್ರೆಶನ್ ನೋಡಿದರು, ನಾಲ್ಕೂ ಸಿಲಿಂಡರ್ ಸಮ ಇತ್ತು. ಮ್ಯಾನಿಫೋಲ್ಡ್ ಲೀಕ್ ಇಲ್ಲ ಅಂತ ಖಾತ್ರಿಯಾಯಿತು.

ಆಮೇಲೆ ಕ್ರ್ಯಾಂಕ್ ಪುಲ್ಲಿಗೆ ಡಿಗ್ರಿ ಗುರುತಿನ ಚಕ್ರ, ವಾಲ್ವ್ ಮೇಲೆ ಡಯಲ್ ಗೇಜ್. ಎಂಜಿನ್ನನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾ, ಗೇಜಿನ ಮುಳ್ಳು ಒಂದು ಮಿಲಿಮೀಟರ್ ತೋರಿಸಿದಾಗ ಚಕ್ರದ ಡಿಗ್ರಿ ಓದಿ ಬರೆದುಕೊಳ್ಳೋದು. ಒಬ್ಬರು ತಿರುಗಿಸಿದರು, ಒಬ್ಬರು ಓದಿದರು, ನಾನು ಬರೆದೆ. ಮುಳ್ಳು ಗುರುತು ದಾಟಿಬಿಟ್ಟರೆ ಹಿಂದಕ್ಕೆ ತಿರುಗಿಸುವ ಹಾಗಿಲ್ಲ, ಬೆಲ್ಟ್ ಸಡಿಲಾಗಿ ಅಂಕಿ ಸುಳ್ಳಾಗುತ್ತೆ. ಮತ್ತೆ ಎರಡು ಸುತ್ತು ಮುಂದಕ್ಕೇ ತಿರುಗಿಸಿ ಬರಬೇಕು.

ಎರಡು ವಿಷಯ ಹೊರಬಂದವು. ಒಂದು, ಕ್ಯಾಮ್ ಮಾಲೀಕರು ಅಂದುಕೊಂಡದ್ದಕ್ಕಿಂತ ಸಾಕಷ್ಟು ದೊಡ್ಡದು. ಎರಡು, ಕ್ಯಾಮ್ ಇರಬೇಕಾದ್ದಕ್ಕಿಂತ ಕೆಲವು ಡಿಗ್ರಿ ತಡವಾಗಿ ಕೂತಿತ್ತು, ಬೆಲ್ಟ್ ಗುರುತು ಸರಿಯಾಗಿದ್ದರೂ ಕೂಡ. ಕಾರಣ ಹೆಡ್ ಉಜ್ಜಿಸಿದ್ದು. ಉಜ್ಜಿದಷ್ಟೂ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರ ಬರುತ್ತೆ. ನಡುವಿನ ಬೆಲ್ಟಿನ ಸಡಿಲವನ್ನು ಟೆನ್ಶನರ್ ಒಂದು ಬದಿಯಿಂದ ಎಳೆದುಕೊಳ್ಳುತ್ತೆ, ಕ್ಯಾಮ್ ಸ್ವಲ್ಪ ಹಿಂದಕ್ಕೆ ತಿರುಗಿ ಕೂರುತ್ತೆ. ತಡವಾದ ಕ್ಯಾಮ್ ಕೆಳಗಿನ ಎಳೆತವನ್ನು ಇನ್ನೂ ತಿನ್ನುತ್ತೆ. ಯಾವ ಕಂಪ್ಯೂಟರ್ ಟ್ಯೂನಿಂಗೂ ಇದನ್ನು ಸರಿ ಮಾಡಲಾರದು. ತಿರುಗಿಸಿ ಹೊಂದಿಸಬಹುದಾದ ಕ್ಯಾಮ್ ಪುಲ್ಲಿ ಮಾಡಿಸಿ ಕ್ಯಾಮನ್ನು ಸರಿಯಾದ ಜಾಗಕ್ಕೆ ತಂದರು. ಕ್ಯಾಮ್ ಜಾಗ ಬದಲಾದ ಮೇಲೆ ಜೇಡಿಮಣ್ಣಿನ ಪರೀಕ್ಷೆಯನ್ನು ಮೆಕ್ಯಾನಿಕ್ ಇನ್ನೊಮ್ಮೆ ಮಾಡಿದರು. ಯಾರೂ ಹೇಳದೆ ಅವರಾಗಿಯೇ ಮಾಡಿದ್ದು. ಅನುಭವ ಅಂದರೆ ಅದು.

ಬ್ರೇಕ್ ವಿಷಯ ಎತ್ತಿದ್ದೂ ಟ್ಯೂನರ್‌ ಅವರೇ. ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಹೊರಗಿನ ಗಾಳಿಯ ಒತ್ತಡಕ್ಕೂ ಮ್ಯಾನಿಫೋಲ್ಡ್ ಒತ್ತಡಕ್ಕೂ ಇರುವ ವ್ಯತ್ಯಾಸದಿಂದ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಇಲ್ಲಿ ಹೊರಗಿನ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸು. ಮೊದಲು ಐಡ್ಲಿಂಗ್‌ನಲ್ಲಿ ಬೂಸ್ಟರಿಗೆ 56 ಸಿಗುತ್ತಿತ್ತು. ಈಗ 36. ಪೆಡಲ್ ಎರಡು ಸಲ ಬೇಗ ಬೇಗ ಒತ್ತಿ ನೋಡಿದರೆ ಮೂರನೇ ಸಲ ಕಲ್ಲಿನಷ್ಟು ಗಟ್ಟಿ. ಇದರ ಬಗ್ಗೆ ಅಲ್ಲಿಯವರೆಗೆ ಯಾರೂ ಯೋಚಿಸಿರಲಿಲ್ಲ. ಒಂದು ವ್ಯಾಕ್ಯೂಮ್ ಟ್ಯಾಂಕ್, ಹೊಸ ಚೆಕ್ ವಾಲ್ವ್ ಹಾಕಿ ಪರೀಕ್ಷಿಸಿದ ಮೇಲೇ ಕಾರನ್ನು ಕದಲಿಸಲು ಬಿಟ್ಟರು. ದೊಡ್ಡ ಕ್ಯಾಮ್ ಹಾಕುವ ಪ್ರತಿಯೊಬ್ಬರೂ ಪವರ್ ಬಗ್ಗೆ ಕೇಳುವ ಮೊದಲು ಬ್ರೇಕ್ ಬಗ್ಗೆ ಕೇಳಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹೊಸ ಇಸಿಯು

ಕಂಪನಿ ಇಸಿಯು ಒಳಗಿನ ಟೇಬಲ್‌ಗಳನ್ನು ತೆರೆದು ಬರೆಯುವ ಸಲಕರಣೆ ಅವರ ಬಳಿ ಇರಲಿಲ್ಲ. ಹಾಗಾಗಿ ಪೂರ್ತಿ ಬೇರೆಯದೇ ಆದ ಸ್ಟ್ಯಾಂಡ್‌ಅಲೋನ್ ಇಸಿಯು ತಂದರು. ಖರ್ಚು ಕ್ಯಾಮಿನ ಬೆಲೆಗಿಂತ ಬಹಳ ಜಾಸ್ತಿ. ಮಾಲೀಕರು ಮೊದಲು ಹಿಂಜರಿದರು. ಮಸಿ ಹಿಡಿದ ಪ್ಲಗ್, ಬೇಡದ ರೆಗ್ಯುಲೇಟರ್, ಮೂಲೆ ಸೇರಿದ ಪಿಗ್ಗಿಬ್ಯಾಕ್ ಎಲ್ಲದರ ಲೆಕ್ಕ ಹಾಕಿದಾಗ ಆಗಲೇ ಅರ್ಧದಷ್ಟು ಹಣ ಹೋಗಿತ್ತು.

ಎಕ್ಸಾಸ್ಟ್‌ನಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಿದರು. ಮೂಲ ಸೆನ್ಸರ್ ರಿಚ್ ಇದೆಯೋ ಲೀನ್ ಇದೆಯೋ ಅಂತ ಮಾತ್ರ ಹೇಳುತ್ತೆ. ವೈಡ್‌ಬ್ಯಾಂಡ್ ಎಷ್ಟು ಅಂತಲೂ ಹೇಳುತ್ತೆ. ಟ್ಯೂನರ್ ಎಲ್ಲವನ್ನೂ ಲ್ಯಾಂಬ್ಡಾದಲ್ಲೇ ಓದಬೇಕು ಅಂತ ಹಟ ಹಿಡಿದರು. 14.7ಕ್ಕೆ 1 ಅನ್ನುವ ಹಳೆಯ ಗಾಳಿ-ಪೆಟ್ರೋಲ್ ಅನುಪಾತ ಶುದ್ಧ ಪೆಟ್ರೋಲಿನದು. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಅದು ಸುಮಾರು 13.5. ಲ್ಯಾಂಬ್ಡಾ 1 ಅಂದರೆ ಯಾವ ಪೆಟ್ರೋಲ್ ಇದ್ದರೂ ಸರಿಯಾಗಿ ಸುಡುವ ಪ್ರಮಾಣ ಅಂತಲೇ ಅರ್ಥ, ಅದಕ್ಕಿಂತ ಕಡಿಮೆ ಅಂದರೆ ರಿಚ್, ಜಾಸ್ತಿ ಅಂದರೆ ಲೀನ್, ಗೊಂದಲ ಇಲ್ಲ. ಬಂಕಿನಲ್ಲಿ ಸಿಗುವ ಪೆಟ್ರೋಲ್ ಬದಲಾಗಿದೆ. 20 ವರ್ಷದ ಹಿಂದಿನ ಕಾರಿನ ಲೆಕ್ಕವನ್ನು ಹಳೆಯ ಅಂಕಿ ಹಿಡಿದು ಮಾಡಿದರೆ ಕ್ಯಾಮ್ ಮುಟ್ಟದೆಯೂ ತಪ್ಪಾಗುತ್ತೆ.

ಹೆಚ್ಚು ಸಮಯ ಹಿಡಿದದ್ದು ಐಡ್ಲಿಂಗ್. ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಪೂರ್ತಿ ಥ್ರಾಟಲ್ ಟ್ಯೂನ್ ಮಾಡೋದು ಅದರ ಮುಂದೆ ಸುಲಭ. ಐಡ್ಲಿಂಗ್‌ನಲ್ಲಿ ಒತ್ತಡದ ಅಂಕಿ ಕುಣಿಯುತ್ತಿರುವಾಗ ಅದನ್ನು ನಂಬಿ ಪೆಟ್ರೋಲ್ ಕೊಟ್ಟರೆ ಪೆಟ್ರೋಲೂ ಕುಣಿಯುತ್ತೆ. ಹಾಗಾಗಿ ಕಡಿಮೆ ಥ್ರಾಟಲ್ ಇರುವ ಜಾಗದಲ್ಲಿ ಥ್ರಾಟಲ್ ಎಷ್ಟು ತೆರೆದಿದೆ ಅನ್ನೋದನ್ನು ನೋಡಿ ಪೆಟ್ರೋಲ್ ಕೊಡುವ ಹಾಗೆ ಮಾಡಿದರು. ಥ್ರಾಟಲ್ ಏರಿದಂತೆ ಮೆಲ್ಲಗೆ ಒತ್ತಡದ ಲೆಕ್ಕಕ್ಕೆ ಹೊರಳುತ್ತೆ. ಮ್ಯಾಪ್ ಸಿಗ್ನಲನ್ನೂ ಎಂಜಿನ್ನಿನ ಪೂರ್ತಿ ಸುತ್ತಿನ ಸರಾಸರಿ ತೆಗೆದು ಓದುವ ಹಾಗೆ ಇಟ್ಟರು.

800ರಲ್ಲೇ ನಿಲ್ಲಿಸಬೇಕು ಅನ್ನುವ ಆಸೆ ಬಿಟ್ಟು 1,050ಕ್ಕೆ ಒಪ್ಪಿಕೊಂಡರು. ಐಡ್ಲಿಂಗ್‌ನಲ್ಲಿ ಆಕ್ಸಿಜನ್ ಸೆನ್ಸರ್ ಮಾತು ಕೇಳೋದನ್ನು ಪೂರ್ತಿ ಆಫ್ ಮಾಡಿದರು. ಸ್ವಲ್ಪ ರಿಚ್, ಲ್ಯಾಂಬ್ಡಾ 0.95 ಹತ್ತಿರ ಎಂಜಿನ್ ಹೆಚ್ಚು ಶಾಂತವಾಗಿತ್ತು.

ನಿಜವಾದ ವ್ಯತ್ಯಾಸ ತಂದದ್ದು ಸ್ಪಾರ್ಕ್. ಐಡ್ಲಿಂಗ್‌ನಲ್ಲಿ 17 ಡಿಗ್ರಿ ಅಡ್ವಾನ್ಸ್ ಕೊಟ್ಟರು. ಆಮೇಲೆ 1,050ರ ಸುತ್ತ ಒಂದು ಇಳಿಜಾರು ಮಾಡಿದರು. ಆರ್‌ಪಿಎಂ 950ಕ್ಕೆ ಬಿದ್ದರೆ ಅಡ್ವಾನ್ಸ್ ಮೂರ್ನಾಲ್ಕು ಡಿಗ್ರಿ ಏರುತ್ತೆ, ಎಂಜಿನ್ನಿಗೆ ಸ್ವಲ್ಪ ಶಕ್ತಿ ಬಂದು ಮೇಲೇಳುತ್ತೆ. 1,150 ದಾಟಿದರೆ ಅಡ್ವಾನ್ಸ್ ಇಳಿಯುತ್ತೆ, ಎಂಜಿನ್ ತಾನಾಗಿ ತಗ್ಗುತ್ತೆ. ಐಡಲ್ ವಾಲ್ವ್ ಗಾಳಿ ಬಿಟ್ಟು ಅದರ ಪರಿಣಾಮ ಕಾಣೋಕೆ ಸಮಯ ಬೇಕು. ಸ್ಪಾರ್ಕ್ ಮುಂದಿನ ಸಿಲಿಂಡರಿನಲ್ಲೇ ಕೆಲಸ ಮಾಡುತ್ತೆ. ಆ ಅಂಕಿಗಳನ್ನು ಟೈಪ್ ಮಾಡಿ ಎಂಟರ್ ಒತ್ತಿದ ತಕ್ಷಣ ಹಾರಾಟ ನಿಂತಿತು. ಮೆಕ್ಯಾನಿಕ್ ಏರ್ ಫಿಲ್ಟರ್ ಬಾಕ್ಸ್ ಮೇಲೆ ಕೈ ಇಟ್ಟು ಸುಮಾರು ಹೊತ್ತು ಹಾಗೇ ನಿಂತಿದ್ದರು. “ಡಿಸ್ಟ್ರಿಬ್ಯೂಟರ್ ತಿರುಗಿಸಿ ಇಷ್ಟು ಮಾಡೋಕಾಗ್ತಿರ್ಲಿಲ್ಲಪ್ಪ” ಅಂದರು.

ಫ್ಯಾನ್ ಆನ್ ಆದಾಗ ಆಫ್ ಆಗುವ ತೊಂದರೆ ಸ್ವಲ್ಪ ಉಳಿದಿತ್ತು. ಫ್ಯಾನ್ ಶುರುವಾದಾಗ ವೋಲ್ಟೇಜ್ ಬೀಳುತ್ತೆ, ಇಂಜೆಕ್ಟರ್ ತೆರೆಯಲು ತಡ ಮಾಡುತ್ತೆ, ಪೆಟ್ರೋಲ್ ಕಡಿಮೆ ಬೀಳುತ್ತೆ. ಇಂಜೆಕ್ಟರಿನ ವೋಲ್ಟೇಜ್ ಟೇಬಲ್ ಸರಿ ಮಾಡಿದ ಮೇಲೆ ಅದೂ ಹೋಯಿತು.

ಡೈನೊ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಂದೊಂದು ಆರ್‌ಪಿಎಂ, ಒಂದೊಂದು ಒತ್ತಡದಲ್ಲಿ ಎಂಜಿನ್ ಹಿಡಿದು ನಿಲ್ಲಿಸಿ ಟೇಬಲಿನ ಮನೆಗಳನ್ನು ತುಂಬಿದರು. ಪೂರ್ತಿ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ 0.87. ಬ್ಲಾಕಿಗೆ ತಾಮ್ರದ ಕೊಳವೆ ಬಿಗಿದು ಹೆಡ್‌ಫೋನಿನಲ್ಲಿ ನಾಕಿಂಗ್ ಕೇಳುತ್ತಾ ಸ್ಪಾರ್ಕ್ ಏರಿಸಿದರು. ಏರಿಸಿದರೂ ಟಾರ್ಕ್ (ತಿರುಗಿಸುವ ಬಲ) ಹೆಚ್ಚಾಗದ ಜಾಗ ಬಂದಾಗ ಅಲ್ಲಿಂದ ಹಿಂದೆ ಬಂದು ನಿಲ್ಲಿಸಿದರು. 4,500ರ ಮೇಲೆ ಹಳೆಯ ಕ್ಯಾಮಿಗಿಂತ ಸ್ಪಷ್ಟವಾಗಿ ಜಾಸ್ತಿ. 3,500ರ ಕೆಳಗೆ ಹಳೆಯದಕ್ಕಿಂತ ಕಡಿಮೆ. ಅದು ಕ್ಯಾಮಿನ ಗುಣ, ಟ್ಯೂನಿಂಗ್‌ನಿಂದ ವಾಪಸ್ ಬರುವಂಥದ್ದಲ್ಲ. ಮಾಲೀಕರಿಗೆ ಇದು ಬೇಸರದ ಸುದ್ದಿ.

ಕರಾವಳಿಯಲ್ಲಿ

ಕೆಲಸ ಮುಗಿಯಿತು ಅಂದುಕೊಂಡರು. ಮೊದಲ ಸ್ಪರ್ಧೆ ಕರಾವಳಿಯಲ್ಲಿ ಒಂದು ಆಟೊಕ್ರಾಸ್. ಕಾರು ಟ್ರಕ್ ಹತ್ತಿ ಶಿರಾಡಿ ಘಾಟಿ ಇಳಿಯಿತು.

ಅಭ್ಯಾಸದ ಓಟದಲ್ಲಿ ಕಾರು ಬೆಂಗಳೂರಿಗಿಂತ ಜೋರಾಗಿ ಎಳೆಯಿತು. ಮಾಲೀಕರು ಇಳಿದವರೇ ನಗುತ್ತಾ ಬಂದರು. ಟ್ಯೂನರ್ ಮೊದಲು ಲಾಗ್ ಇಳಿಸಿಕೊಂಡರು. ನಾವಿಬ್ಬರೂ ಒಂದೇ ಸಾಲಿನಲ್ಲಿ ಕಣ್ಣಿಟ್ಟೆವು. ಪೂರ್ತಿ ಥ್ರಾಟಲ್, 5,200 ಆರ್‌ಪಿಎಂ, ಒತ್ತಡ 99, ಲ್ಯಾಂಬ್ಡಾ 0.97.

99! ಬೆಂಗಳೂರಿನ ಡೈನೊದಲ್ಲಿ ಆ ಅಂಕಿ ಬಂದಿರಲೇ ಇಲ್ಲ, ಬರುವ ಹಾಗೂ ಇರಲಿಲ್ಲ. ಅಲ್ಲಿ ಥ್ರಾಟಲ್ ಪೂರ್ತಿ ತೆರೆದರೂ ಒತ್ತಡ 90ಕ್ಕೆ ನಿಲ್ಲುತ್ತೆ, ಹೊರಗಿರುವುದೇ 91 ತಾನೇ. ಸಮುದ್ರಮಟ್ಟದಲ್ಲಿ 101. ಟೇಬಲಿನಲ್ಲಿ 100ರ ಸಾಲು ಇತ್ತು. ಇಸಿಯು ಜೊತೆ ಬಂದಿದ್ದ ಮೂಲ ಫೈಲಿನ ಅಂಕಿಗಳೇ ಅಲ್ಲಿ ಕೂತಿದ್ದವು, ಸಾಧಾರಣ ಕ್ಯಾಮಿಗೆ ಬರೆದ ಅಂಕಿಗಳು. ಗಾಳಿ ಶೇಕಡಾ ಹತ್ತರಷ್ಟು ಜಾಸ್ತಿ, ಪೆಟ್ರೋಲ್ ಬೇಕಾದ್ದಕ್ಕಿಂತ ಕಡಿಮೆ. ಸ್ಪಾರ್ಕ್ 90ರ ಸಾಲಿನಷ್ಟೇ ಮುಂದಿತ್ತು. ಅಂದರೆ ಸಿಲಿಂಡರ್ ಒಳಗೆ ಭಾರ ಜಾಸ್ತಿ, ತಂಪು ಮಾಡುವ ಪೆಟ್ರೋಲ್ ಕಡಿಮೆ.

“ಒಂದು ರನ್ ಮಾತ್ರ ಹೋಗಿ ಬರ್ತೀನಿ, ಆಮೇಲೆ ಸರಿ ಮಾಡೋಣ” ಅಂದರು ಮಾಲೀಕರು. ಟೈಮಿಂಗ್ ಲೈನಿನಲ್ಲಿ ಅವರ ಸರದಿ ಹತ್ತಿರ ಬಂದಿತ್ತು. ಟ್ಯೂನರ್ ಮಾತಾಡಲಿಲ್ಲ. ಮೆಕ್ಯಾನಿಕ್ ಪ್ಲಗ್ ಸಾಕೆಟ್ ತಂದು ಒಂದು ಪ್ಲಗ್ ಬಿಚ್ಚಿ ಮಾಲೀಕರ ಅಂಗೈ ಮೇಲೆ ಇಟ್ಟರು. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಚಿಮುಕಿಸಿದ ಹಾಗೆ ಸಣ್ಣ ಸಣ್ಣ ಚುಕ್ಕಿ. ನಾಕಿಂಗ್ ಆದಾಗ ಕಾಣುವ ಗುರುತು. ಹೆಲ್ಮೆಟ್ ಒಳಗೆ, ಮಣ್ಣಿನ ಟ್ರ್ಯಾಕಿನ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸಿರಲಿಲ್ಲ. ಚುಕ್ಕಿಗಳಲ್ಲಿ ಒಂದೆರಡು ಬೆಳ್ಳಗೆ ಹೊಳೆಯುತ್ತಿದ್ದವು, ಅದು ಪಿಸ್ಟನ್ನಿನ ಅಲ್ಯೂಮಿನಿಯಂ. “ಸಾರ್, ಇನ್ನೊಂದು ರನ್‌ಗೆ ಇದು ಪಿಸ್ಟನ್ ತಿನ್ನುತ್ತೆ” ಅಂದರು.

ಮಾಲೀಕರು ಸರದಿ ಬಿಟ್ಟುಕೊಟ್ಟರು. ಈ ಎಂಜಿನ್ ಇವತ್ತು ಇದೆ ಅಂದರೆ ಆ ತೀರ್ಮಾನದಿಂದ.

ಅಲ್ಲೇ ಪ್ಯಾಡಕ್ಕಿನಲ್ಲಿ (ಸ್ಪರ್ಧೆಯ ಕಾರುಗಳನ್ನು ನಿಲ್ಲಿಸುವ ಜಾಗ) 100ರ ಸಾಲನ್ನು ಹೊಸದಾಗಿ ಬರೆದರು. ಕೆಳಗಿನ ಸಾಲುಗಳು 70ರಿಂದ 80ಕ್ಕೆ, 80ರಿಂದ 90ಕ್ಕೆ ಹೇಗೆ ಏರಿವೆಯೋ ಅದೇ ಓಟದಲ್ಲಿ ಮುಂದುವರಿಸಿ, ಮೇಲೆ ಸ್ವಲ್ಪ ಪೆಟ್ರೋಲ್ ಜಾಸ್ತಿ ಇಟ್ಟರು. ಸ್ಪಾರ್ಕ್ ಮೂರು ಡಿಗ್ರಿ ಹಿಂದೆ. ಟ್ಯಾಂಕಿಗೆ 95 ಆಕ್ಟೇನ್ ಪೆಟ್ರೋಲ್. ಮಧ್ಯಾಹ್ನದ ಅಭ್ಯಾಸದಲ್ಲಿ ಲ್ಯಾಂಬ್ಡಾ 0.85 ಬಂತು, ಹೊಸ ಪ್ಲಗ್ ಸ್ವಚ್ಛವಾಗಿತ್ತು. ಆ ದಿನದ ಎರಡನೇ ಓಟಕ್ಕೆ ಕಾರು ಇಳಿಯಿತು, ಮುಗಿಸಿ ಬಂತು. ಸ್ಥಾನ ಏನೂ ಸಿಗಲಿಲ್ಲ.

ಬೆಂಗಳೂರು, ಮೈಸೂರು, ಹಾಸನ ಕಡೆ ಡೈನೊ ಮೇಲೆ ಮ್ಯಾಪ್ ಸೆನ್ಸರ್ ಕಾರು ಟ್ಯೂನ್ ಮಾಡಿಸುವವರಿಗೆಲ್ಲ ಇದು ಅನ್ವಯಿಸುತ್ತೆ. ನಮ್ಮ ರಾಜ್ಯದಲ್ಲಿ ಒಂದೇ ದಿನದ ದಾರಿಯಲ್ಲಿ ಚಿಕ್ಕಮಗಳೂರಿನ ಬೆಟ್ಟವೂ ಇದೆ, ಮಂಗಳೂರಿನ ಕಡಲೂ ಇದೆ. ಟ್ಯೂನರ್ ಹತ್ತಿರ ಕೇಳಬೇಕಾದ ಪ್ರಶ್ನೆ ಸುಲಭದ್ದು: ಈ ಟೇಬಲಿನಲ್ಲಿ ನೀವು ನಿಜವಾಗಿ ಅಳೆದ ಮನೆಗಳು ಯಾವುವು, ಅಂದಾಜಿನಲ್ಲಿ ತುಂಬಿದ್ದು ಯಾವುವು? ಒಳ್ಳೆಯ ಟ್ಯೂನರ್ ಇದಕ್ಕೆ ಬೇಜಾರು ಮಾಡಿಕೊಳ್ಳೋದಿಲ್ಲ. ಈ ಟ್ಯೂನರ್ ಈಗ ಅಳೆಯದ ಮನೆಗಳಿಗೆ ಬೇರೆ ಬಣ್ಣ ಹಚ್ಚಿ ಮಾಲೀಕರಿಗೆ ಪ್ರಿಂಟ್ ಕೊಡುತ್ತಾರೆ.

ಈಗ

ಒಂದು ಸೀಸನ್ ಆ ಕ್ಯಾಮಿನಲ್ಲೇ ಓಡಿಸಿದ ಮೇಲೆ ಮಾಲೀಕರು ಅದನ್ನು ತೆಗೆಸಿದರು. ಆಟೊಕ್ರಾಸ್‌ನಲ್ಲಿ ತಿರುವಿನಿಂದ ಹೊರಬರುವಾಗ ಎಂಜಿನ್ 3,000ದ ಆಸುಪಾಸು ಇರುತ್ತೆ, ಈ ಕ್ಯಾಮ್ ಅಲ್ಲೇ ಸೋಮಾರಿ. ಲಾಗ್‌ಗಳನ್ನೆಲ್ಲ ಒಟ್ಟು ಮಾಡಿ, ಎಂಜಿನ್ ಯಾವ ಆರ್‌ಪಿಎಂನಲ್ಲಿ ಎಷ್ಟು ಹೊತ್ತು ಇರುತ್ತೆ ಅಂತ ತೋರಿಸಿದಾಗ ಅವರಿಗೇ ಆಶ್ಚರ್ಯ. 5,000ದ ಮೇಲೆ ಇದ್ದದ್ದು ತುಂಬಾ ಕಡಿಮೆ ಹೊತ್ತು. ಈ ಲೆಕ್ಕ ಕ್ಯಾಮ್ ಗ್ರೈಂಡ್ ಮಾಡಿಸುವ ಮೊದಲೇ ಸಿಕ್ಕಿದ್ದರೆ ಆರಿಸುವ ಕ್ಯಾಮೇ ಬೇರೆ ಆಗುತ್ತಿತ್ತು. ಕಂಪನಿ ಕ್ಯಾಮಿನಲ್ಲಿ ಒಂದು ಸ್ಪರ್ಧೆ ಓಡಿಸಿ ಲಾಗ್ ತೆಗೆಯೋದಕ್ಕೆ ಹೆಚ್ಚು ಖರ್ಚೂ ಆಗೋದಿಲ್ಲ.

ಹೊಸದು ಚಿಕ್ಕ ಕ್ಯಾಮ್. ಈ ಸಲ ಗ್ರೈಂಡ್ ಮಾಡುವವರಿಗೆ ಬೇಕಾದ ಡಿಗ್ರಿಗಳನ್ನು ಬರೆದುಕೊಟ್ಟರು, ಬಂದ ಕ್ಯಾಮನ್ನು ಅಳೆದು ಅದಕ್ಕೆ ಹೋಲಿಸಿದರು. ಐಡ್ಲಿಂಗ್‌ನಲ್ಲಿ ಒತ್ತಡ 42ಕ್ಕೆ ನಿಲ್ಲುತ್ತೆ. ಇಷ್ಟು ಸಣ್ಣ ಕ್ಯಾಮಿಗೆ ಸ್ಟ್ಯಾಂಡ್‌ಅಲೋನ್ ಬೇಕಿತ್ತಾ ಅಂತ ಮಾಲೀಕರು ಕೇಳಿದರು. ಟ್ಯೂನರ್ ಪ್ರಾಮಾಣಿಕವಾಗಿ ಉತ್ತರ ಕೊಟ್ಟರು: ಸ್ಪಾರ್ಕನ್ನೂ ಹಿಡಿತದಲ್ಲಿಡುವ ಒಳ್ಳೆಯ ಪಿಗ್ಗಿಬ್ಯಾಕ್ ಇದಕ್ಕೆ ಬಹುಶಃ ಸಾಕಾಗುತ್ತಿತ್ತು. ಕ್ಯಾಮ್ ಪುಲ್ಲಿ, ವ್ಯಾಕ್ಯೂಮ್ ಟ್ಯಾಂಕ್, ವೈಡ್‌ಬ್ಯಾಂಡ್ ಮೂರೂ ಕಾರಿನಲ್ಲೇ ಉಳಿದಿವೆ. 100ರ ಸಾಲನ್ನು ಹೊಸ ಕ್ಯಾಮಿಗೆ ಇನ್ನೂ ಅಳೆದಿಲ್ಲ. ಮುಂದಿನ ಸಲ ಕಾರು ಘಾಟಿ ಇಳಿದಾಗ ಮೊದಲ ಅಭ್ಯಾಸದ ಓಟ ಅರ್ಧ ಥ್ರಾಟಲ್‌ನಲ್ಲೇ ಇರಬೇಕು, ಲಾಗ್ ನೋಡಿದ ಮೇಲೇ ಪೂರ್ತಿ ಥ್ರಾಟಲ್ ಅಂತ ಮೂವರೂ ಒಪ್ಪಿಕೊಂಡಿದ್ದಾರೆ.